ಸುವಾರ್ತಾ ಸಭೆಗಳೂ ನಮ್ಮ ವಿಶ್ವಾಸವೂ: ಒಂದು ಪಾಠಕ್ರಮದ ಸಿದ್ಧತೆ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಗರುಡನ ದೇಗುಲದಿಂದ ಹೆಸರಾದ ಊರು. ಈ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ವಿರಳ. ದುಡಿಮೆಗೆಂದು ಬೆಂಗಳೂರು ಸೇರಿದ ಮಗ ಅಲ್ಲಿನ ಸುವಾರ್ತಾ ಸಭೆಯೊಂದರ ಪ್ರಾರ್ಥನಾಕೂಟಕ್ಕೆ ಹೋಗತೊಡಗುತ್ತಾನೆ. ಹಬ್ಬಕ್ಕೆ ಮನೆಗೆ ಬಂದಾಗ, "ಅವ್ವಾ, ಸತ್ತವರಿಗೆ ಪೂಜೆ ಹೇಳ್ಸೋದು ಬೈಬಲ್‌ನಲ್ಲಿ ಎಲ್ಲೈತೆ?" ಎಂದು ಕೇಳುತ್ತಾನೆ. ಗಂಡನ ವರ್ಷದ ಪೂಜೆಗೆಂದು ಹಣ ಎತ್ತಿಟ್ಟಿರುವ ತಾಯಿಗೆ ಈ ಮಾತು ಎದೆಗೆ ನಾಟುತ್ತದೆ. ಇಂತಹ ಮನೆಗಳಿಗಾಗಿ ಆರು ಪಾಠಗಳ ತರಗತಿಯೊಂದನ್ನು ನಾವು ಸಿದ್ಧಪಡಿಸುತ್ತಿದ್ದೇವೆ.

ಮೊದಲ ತೊಡಕು ಶಬ್ದಗಳಲ್ಲಿಯೇ ಎದುರಾಗುತ್ತದೆ. ನಾವು ಶುಭಸಂದೇಶ ಎನ್ನುವುದನ್ನು ಅವರು ಸುವಾರ್ತೆ ಎನ್ನುತ್ತಾರೆ. ನಮ್ಮ ಬೈಬಲಿನ ಸರ್ವೇಶ್ವರ ಅವರ ಬೈಬಲಿನಲ್ಲಿ ಯೆಹೋವ. ಗ್ರಂಥಗಳ ಎಣಿಕೆಯೂ ಬೇರೆ: ನಮಗೆ 73, ಅವರಿಗೆ 66. ಮಡಿದ ಯೋಧರ ಪಾಪಪರಿಹಾರಕ್ಕಾಗಿ ಯೂದನು ಹಣ ಕೂಡಿಸಿ ಜೆರುಸಲೇಮಿಗೆ ಕಳುಹಿಸಿದ ಪ್ರಸಂಗ ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿದೆ; ಮಗನ ಕೈಯಲ್ಲಿರುವ ಬೈಬಲಿನಲ್ಲಿ ಆ ಗ್ರಂಥವೇ ಇಲ್ಲ. ಆದ್ದರಿಂದ "ಇಗೋ ಇಲ್ಲಿದೆ" ಎಂದು ತೋರಿಸಿದರೆ ವಾದ ಮುಗಿಯದು. ಯಾವ ಗ್ರಂಥಗಳು ದೇವವಾಕ್ಯವೆಂಬ ಪಟ್ಟಿ ಬೈಬಲಿನೊಳಗೆ ಎಲ್ಲಿಯೂ ಇಲ್ಲ. 397ರ ಕಾರ್ಥೇಜ್ ಸಭೆಯೂ 1546ರಲ್ಲಿ ಟ್ರೆಂಟ್ ಮಹಾಸಭೆಯೂ ಆ ಪಟ್ಟಿಯನ್ನು ಸಾರಿದವು. ಹಾಗಾದರೆ ಧರ್ಮಸಭೆಯ ಅಧಿಕಾರವೆಂದರೇನು? ಪ್ರಶ್ನೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಇತಿಹಾಸವನ್ನು ಮರೆಮಾಚಿ ಪಾಠ ಹೇಳುವುದು ನಮಗೆ ಸಮ್ಮತವಲ್ಲ. 1799ರ ನಂತರ ಶ್ರೀರಂಗಪಟ್ಟಣ ಸೀಮೆಯ ಕಥೋಲಿಕರನ್ನು ಮತ್ತೆ ಒಗ್ಗೂಡಿಸಿದ ಅಬೆ ದುಬ್ವಾ, 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ದೇಶಭಾಷೆಗಳ ಬೈಬಲನ್ನು ಹಂಚುವುದರಿಂದ ಪ್ರಯೋಜನವಿಲ್ಲವೆಂದೇ ವಾದಿಸಿದರು. ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದರು. ಈ ವಿಷಯದಲ್ಲಿ ಕಾಲವು ಹ್ಯಾಂಡ್ಸರ ಪಕ್ಷ ವಹಿಸಿತೆನ್ನಬೇಕು. ಪವಿತ್ರ ಗ್ರಂಥವು ಎಲ್ಲ ವಿಶ್ವಾಸಿಗಳ ಕೈಗೆಟುಕಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ವಿಧಿಸಿತು. ಇತರ ಕ್ರೈಸ್ತರೊಡನೆ ಕೂಡಿ ಅನುವಾದಿಸಲೂ ಅವಕಾಶವಿತ್ತಿತು.

ನಾವು ಹೆಚ್ಚು ಸಮಯ ಕೊಟ್ಟಿರುವುದು ಕೃಪೆಯ ಪಾಠಕ್ಕೆ. "ನೀವು ಕ್ರಿಯೆಗಳಿಂದ ಸ್ವರ್ಗ ಗಳಿಸಲು ಹೊರಟವರು" ಎಂಬುದು ನಮ್ಮ ಮೇಲಿನ ಹಳೆಯ ಆಕ್ಷೇಪ. ನೆರೆಯ ಮೇಲುಕೋಟೆಯ ಶ್ರೀವೈಷ್ಣವರಿಗೆ ಇಂತಹ ಚರ್ಚೆ ಹೊಸದೇನಲ್ಲ. ಮರಿ ತಾನಾಗಿ ತಾಯಿಯನ್ನು ಅಪ್ಪಿಹಿಡಿಯಬೇಕೆಂಬ ಮರ್ಕಟ ನ್ಯಾಯ ವಡಗಲೆಯವರದು. ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವಳೆಂಬ ಮಾರ್ಜಾಲ ನ್ಯಾಯ ತೆಂಗಲೆಯವರದು. ನಮ್ಮನ್ನು ಕೋತಿಯ ಮರಿಯ ಸಾಲಿಗೆ, ಅವರನ್ನು ಬೆಕ್ಕಿನ ಮರಿಯ ಸಾಲಿಗೆ ಸೇರಿಸಿಬಿಡುವುದು ಸುಲಭ, ಆದರೆ ತಪ್ಪು. ಮನುಷ್ಯನ ಯಾವ ಪುಣ್ಯವೂ ಮುಂದಾಗಿ ಇಲ್ಲದೆಯೇ ದೇವಕೃಪೆ ಮೊದಲು ಬರುತ್ತದೆಂದು ಟ್ರೆಂಟ್ ಮಹಾಸಭೆ 1547ರಲ್ಲಿಯೇ ಹೇಳಿದೆ. ಆ ಕೃಪೆಯೇ ಮರಿಯ ಕೈಗೆ ಹಿಡಿಯುವ ಬಲವನ್ನೂ ಕೊಡುತ್ತದೆ ಎಂಬುದು ನಮ್ಮ ಬೋಧನೆ. ಹಿಡಿತವನ್ನು ಸಡಿಲಿಸುವ ಸ್ವಾತಂತ್ರ್ಯವೂ ಮನುಷ್ಯನಿಗೆ ಉಳಿದಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟವೂ ಕಥೋಲಿಕ ಧರ್ಮಸಭೆಯೂ ಈ ವಿಷಯದ ಜಂಟಿ ಘೋಷಣೆಗೆ ಸಹಿ ಹಾಕಿದವು. 2006ರಲ್ಲಿ ಮೆಥೊಡಿಸ್ಟರೂ ಜೊತೆಗೂಡಿದರು. ಸ್ವತಂತ್ರ ಸುವಾರ್ತಾ ಸಭೆಗಳು ಇದಕ್ಕೆ ಸಹಿ ಹಾಕಿದವಲ್ಲ ಎಂಬುದನ್ನೂ ಪಾಠದಲ್ಲಿ ಹೇಳುವೆವು.

ಮಾತೆ ಮರಿಯಮ್ಮನವರ ಹಾಗೂ ಸಂತರ ಗೌರವಕ್ಕೆ ಒಂದೇ ಸಂಜೆ ಸಾಕು. ಆರಾಧನೆ ದೇವರಿಗೆ ಮಾತ್ರ ಎಂಬುದು ಸ್ಪಷ್ಟವಾದರೆ ಅರ್ಧ ಜಗಳ ತಾನಾಗಿ ತಣಿಯುತ್ತದೆ. ಪರಮಪ್ರಸಾದದ ವಿಷಯ ಹಾಗಲ್ಲ. ಅಲ್ಲಿ ಅಂತರ ನಿಜವಾದುದು, ಅದನ್ನು ತೇಲಿಸಿ ಹೇಳಲಾಗದು.

ಕೊನೆಯ ಪಾಠಕ್ಕೆ ಸುವಾರ್ತಾ ಸಭೆಯ ಪಾಸ್ಟರೊಬ್ಬರನ್ನು ಆಹ್ವಾನಿಸಿದ್ದೇವೆ. ಅವರ ವಿಶ್ವಾಸವನ್ನು ಅವರ ಬಾಯಿಂದಲೇ ಕೇಳಬೇಕೆಂಬುದು ನಮ್ಮ ಬಯಕೆ. ತರಗತಿಗೆ ಬರುವವರು ಮನೆಯಲ್ಲಿರುವ ಬೈಬಲನ್ನು, ಅದು ಯಾವ ಅನುವಾದದ್ದಾದರೂ ಸರಿ, ಜೊತೆಯಲ್ಲಿ ತರಬೇಕು. ಪ್ರಾರ್ಥನಾಕೂಟಕ್ಕೆ ಹೋಗುವ ಮಕ್ಕಳನ್ನೂ ಕರೆತನ್ನಿ; ಅವರನ್ನು ಅಲ್ಲಿ ಯಾರೂ ಗದರಿಸುವುದಿಲ್ಲ.