ಎಂಡೋಸಲ್ಫಾನಿನ ದಾಯಾದಿ

ಕಾಸರಗೋಡಿನ ಕಡೆಯವರ ಮುಂದೆ ಎಂಡೋಸಲ್ಫಾನ್ ಎಂಬ ಹೆಸರೆತ್ತಿದರೆ ಮಾತು ಒಂದು ಗಳಿಗೆ ನಿಲ್ಲುತ್ತದೆ. ಪಡ್ರೆ, ವಾಣಿನಗರ, ಬೆಳ್ಳೂರು, ಮುಳಿಯಾರು, ಪೆರಿಯ – ಎಲ್ಲಿ ಕೇಳಿದರೂ ಅದು ಗೇರು ತೋಟದ ಮೇಲೆ ಹೆಲಿಕಾಪ್ಟರ್ ಸುರಿದು ಹೋದ ವಿಷ. ಆ ವಿಷಕ್ಕೊಬ್ಬ ದಾಯಾದಿಯಿದ್ದಾನೆ. ಒಂದೇ ತಾಯಿಬೇರು, ಒಂದೇ ಮೈಕಟ್ಟು. ಅವನ ಕಸುಬು ಮಾತ್ರ ಬೇರೆ: ಫೈಬರ್ ಹಲಗೆಗೆ, ಫೈಬರ್ ಕೊಳವೆಗೆ ಬೆಂಕಿ ಹತ್ತದಂತೆ ಕಾಯುವುದು. ಇಬ್ಬರೂ ಪೇಟೆಗೆ ಬಂದದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ, 1950ರ ದಶಕದಲ್ಲಿ.

ವಂಶವೃಕ್ಷ ಬಿಡಿಸಬೇಕಾದರೆ 1928ಕ್ಕೆ ಹೋಗಬೇಕು. ಜರ್ಮನಿಯ ಒಟ್ಟೊ ಡೀಲ್ಸ್ ಮತ್ತು ಅವರ ಶಿಷ್ಯ ಕುರ್ಟ್ ಆಲ್ಡರ್, ಎರಡು ಸಣ್ಣ ಇಂಗಾಲದ ಅಣುಗಳನ್ನು ಕೊಂಡಿ ಸಿಕ್ಕಿಸಿದಂತೆ ಸೇರಿಸಿ ಹೊಸ ಉಂಗುರ ಕಟ್ಟುವ ವಿಧಾನವನ್ನು ಪ್ರಕಟಿಸಿದರು. 1950ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಷ್ಟರಲ್ಲಿ ಅಮೆರಿಕದ ಕಾರ್ಖಾನೆಗಳು ಈ ವಿದ್ಯೆಯನ್ನು ಕೀಟನಾಶಕಕ್ಕೆ ಹಚ್ಚಿಯೂ ಆಗಿತ್ತು. ಆಲ್ಡ್ರಿನ್, ಡೈಲ್ಡ್ರಿನ್ ಎಂಬ ಎರಡು ವಿಷಗಳಿಗೆ ಗುರುಶಿಷ್ಯರ ಹೆಸರನ್ನೇ ಇಟ್ಟರು. ಅದು ಗೌರವವೋ ಶಾಪವೋ ಹೇಳುವುದು ಕಷ್ಟ.

ಈ ಕುಲದ ಮೂಲಪುರುಷ ಐದು ಇಂಗಾಲಗಳ ಒಂದು ಉಂಗುರ. ಅದರ ಸುತ್ತ ಆರು ಕ್ಲೋರಿನ್ ಪರಮಾಣುಗಳು. ಹೆಸರು ಹೆಕ್ಸಾಕ್ಲೋರೋಸೈಕ್ಲೋಪೆಂಟಾಡೈಈನ್, ನಾಲಗೆ ತೊಡರುತ್ತದೆ, ಆದ್ದರಿಂದ ‘ಆರು ಕ್ಲೋರಿನ್ ಉಂಗುರ’ ಎಂದೇ ಕರೆಯೋಣ. ಇದಕ್ಕೆ ನಾಲ್ಕು ಇಂಗಾಲದ ಬ್ಯೂಟೀನ್‌ಡಯಾಲ್ ಅನ್ನು ಸಿಕ್ಕಿಸಿ, ಅದಕ್ಕೊಂದು ಗಂಧಕದ ಕೊಂಡಿ ಹಾಕಿದರೆ ಎಂಡೋಸಲ್ಫಾನ್. ಜರ್ಮನಿಯ ಹೋಕ್ಸ್ಟ್ ಕಂಪನಿ ಅದನ್ನು ಪೇಟೆಗೆ ತಂದಿತು. ಅದೇ ಉಂಗುರಕ್ಕೆ, ನಾಲ್ಕು ಇಂಗಾಲದ್ದೇ ಆದ ಮೇಲಿಕ್ ಅನ್‌ಹೈಡ್ರೈಡನ್ನು ಸಿಕ್ಕಿಸಿದರೆ ಕ್ಲೋರೆಂಡಿಕ್ ಅನ್‌ಹೈಡ್ರೈಡ್. ಅಮೆರಿಕದ ನಯಾಗರ ಜಲಪಾತದ ಪಕ್ಕದ ಹೂಕರ್ ಕಂಪನಿ ಇದನ್ನು ಫೈಬರಿನ ರೆಸಿನ್ನಿನಲ್ಲಿ ಹೆಣೆದು ಮಾರಿತು. ಇಬ್ಬರ ಮೈಯಲ್ಲೂ ಒಂಬತ್ತು ಇಂಗಾಲ, ಆರು ಕ್ಲೋರಿನ್. ಒಬ್ಬ ಕಾಸರಗೋಡಿನ ಪದವುಗಳಿಗೆ, ಅಂದರೆ ಗುಡ್ಡದ ಮೇಲಿನ ಬಯಲುಗಳಿಗೆ ಬಂದ. ಇನ್ನೊಬ್ಬ ರಾಸಾಯನಿಕ ಕಾರ್ಖಾನೆಗಳ ಹೊಗೆಕೊಳವೆ, ಆಸಿಡ್ ತೊಟ್ಟಿಗಳ ಗೋಡೆಯೊಳಗೆ ಸೇರಿಕೊಂಡ.

ಫೈಬರಿಗೆ ಇಂಥ ಕಾವಲುಗಾರ ಯಾಕೆ ಬೇಕಾಯಿತು? ನಮ್ಮ ಕಡಲತೀರದಲ್ಲಿ ಮಗುಚಿ ಹಾಕಿದ ಫೈಬರ್ ದೋಣಿಯನ್ನು ನೆನಪಿಸಿಕೊಳ್ಳಿ. ಅದು ಗಾಜಿನ ನೂಲಿನ ಚಾಪೆ ಮತ್ತು ಪಾಲಿಯೆಸ್ಟರ್ ರೆಸಿನ್‌ಗಳ ಜೋಡಿ. ಗಾಜು ಉರಿಯುವುದಿಲ್ಲ. ರೆಸಿನ್ ಪೆಟ್ರೋಲಿಯಮ್ಮಿನ ಮಗು, ಚೆನ್ನಾಗಿ ಉರಿಯುತ್ತದೆ, ಕಪ್ಪು ಹೊಗೆ ಕಾರುತ್ತದೆ. ಕಾದರೆ ಕರಗುವ ನೈಲಾನಿನಂಥ ಪ್ಲಾಸ್ಟಿಕ್‌ಗೆ ಗಾಜಿನ ನೂಲು ಸೇರಿಸಿದರಂತೂ ಇನ್ನೂ ವಿಚಿತ್ರ: ದೀಪದ ಬತ್ತಿ ಎಣ್ಣೆಯನ್ನು ಹೀರಿ ತುದಿಗೆ ತಲುಪಿಸುವಂತೆ, ಉರಿಯದ ಗಾಜು ಕರಗಿದ ಪ್ಲಾಸ್ಟಿಕ್ಕನ್ನು ಜ್ವಾಲೆಗೆ ಎತ್ತಿಕೊಡುತ್ತದೆ.

ವಾಸ್ತವವಾಗಿ ಉರಿಯುವುದು ಪ್ಲಾಸ್ಟಿಕ್ ಅಲ್ಲ, ಅದರಿಂದ ಏಳುವ ಅನಿಲ. ಬಿಸಿಗೆ ಉದ್ದನೆಯ ಸರಪಳಿಗಳು ತುಂಡಾಗಿ ಅನಿಲವಾಗುತ್ತವೆ. ಅನಿಲ ಗಾಳಿಯ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. ಆ ಉರಿಯ ಬಿಸಿ ತಿರುಗಿ ಪ್ಲಾಸ್ಟಿಕ್ಕನ್ನು ಕಾಯಿಸುತ್ತದೆ, ಮತ್ತಷ್ಟು ಅನಿಲ ಏಳುತ್ತದೆ. ಅಗ್ನಿನಿರೋಧಕ ಎನ್ನುವುದೆಲ್ಲ ಈ ಚಕ್ರದ ಯಾವುದೋ ಒಂದು ಕಡೆ ಕೋಲು ತೂರಿಸುವ ಕೆಲಸ.

ಕೋಲು ತೂರಿಸುವ ಯತ್ನ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಹಳತು, ಅದು ಶುರುವಾದದ್ದು ನಾಟಕಶಾಲೆಯಲ್ಲಿ. 1638ರಲ್ಲಿ ಇಟಲಿಯ ನಿಕೋಲಾ ಸಬ್ಬಾತಿನಿ, ರಂಗದ ಪರದೆಗೆ ಬಳಿಯುವ ಬಣ್ಣಕ್ಕೆ ಜೇಡಿಮಣ್ಣು, ಜಿಪ್ಸಮ್ ಸೇರಿಸಿ ಎಂದು ಬರೆದ. 1735ರಲ್ಲಿ ಇಂಗ್ಲೆಂಡಿನ ಒಬಡಯಾ ವೈಲ್ಡ್ ಪಟಿಕ (ಆಲಂ), ಬಿಳಿಗಾರಗಳ ಮಿಶ್ರಣಕ್ಕೆ ಪೇಟೆಂಟ್ ಪಡೆದ. ಫ್ರಾನ್ಸಿನ ದೊರೆ ಹದಿನೆಂಟನೆಯ ಲೂಯಿ ರಂಗಮಂದಿರಗಳ ಬಟ್ಟೆಯನ್ನು ಕಾಯುವ ದಾರಿ ಹುಡುಕಲು ಗೇ-ಲುಸಾಕ್ ಎಂಬ ರಸಾಯನವಿಜ್ಞಾನಿಗೆ ಹೇಳಿದ. 1821ರಲ್ಲಿ ಅವರು ಅಮೋನಿಯಂ ಫಾಸ್ಫೇಟ್ ಮತ್ತು ಬಿಳಿಗಾರವನ್ನು ತೋರಿಸಿದರು. ನಮ್ಮ ಕಡೆ ದೀವಟಿಗೆಯ ಬೆಳಕಲ್ಲಿ ಬಯಲಾಟ ಗದ್ದೆಯಲ್ಲೇ ನಡೆಯುತ್ತಿದ್ದ ಕಾಲವದು. ಗೋಡೆಯಿಲ್ಲದ ರಂಗಕ್ಕೆ ಗೇ-ಲುಸಾಕರ ಅಗತ್ಯ ಬಿದ್ದಿರಲಾರದು.

ಪಟಿಕ, ಬಿಳಿಗಾರ, ಫಾಸ್ಫೇಟ್ ಎಲ್ಲ ನೀರಿಗೆ ತೊಳೆದು ಹೋಗುವ ಲವಣಗಳು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಡೇರೆಗಳಿಗೆ ಮಳೆಗೂ ಬೆಂಕಿಗೂ ಜಗ್ಗದ ಲೇಪ ಬೇಕಾಯಿತು. ಕ್ಲೋರಿನ್ ಸೇರಿಸಿದ ಪ್ಯಾರಾಫಿನ್ ಮತ್ತು ಆಂಟಿಮನಿ ಆಕ್ಸೈಡ್‌ಗಳ ಜೋಡಿ ಹೊರಬಂದದ್ದು ಹಾಗೆ. ಕ್ಲೋರಿನ್ನಿಗೆ ಇರುವ ಶಕ್ತಿ ಆಗ ಎಲ್ಲರ ಕಣ್ಣಿಗೆ ಬಿತ್ತು. ಜ್ವಾಲೆಯೊಳಗೆ ಬೆಂಕಿಯನ್ನು ಮುಂದಕ್ಕೆ ಓಡಿಸುವವರು ಇಬ್ಬರು: ಒಂಟಿ ಜಲಜನಕದ ಪರಮಾಣು, ಮತ್ತು ಜಲಜನಕ-ಆಮ್ಲಜನಕದ ಅರೆಬರೆ ಜೋಡಿ. ಎರಡೂ ಸಂಗಾತಿಗಾಗಿ ಹಸಿದವು, ಸಿಕ್ಕಿದ್ದಕ್ಕೆ ಮೈಮೇಲೆ ಬೀಳುತ್ತವೆ. ಕ್ಲೋರಿನ್ ಇರುವ ರೆಸಿನ್ ಕಾದಾಗ ಹೈಡ್ರೋಜನ್ ಕ್ಲೋರೈಡ್ ಹೊರಬಂದು ಈ ಇಬ್ಬರನ್ನೂ ಹಿಡಿದು, ಒಬ್ಬನನ್ನು ಜಲಜನಕದ ಅನಿಲವಾಗಿ, ಇನ್ನೊಬ್ಬನನ್ನು ನೀರಾಗಿ ಕೂರಿಸುತ್ತದೆ. ಕೆಲಸ ಮುಗಿದ ಕ್ಲೋರಿನ್ ಇಂಧನದಿಂದಲೇ ಮತ್ತೊಂದು ಜಲಜನಕ ಕಿತ್ತುಕೊಂಡು ಮೊದಲಿನಂತಾಗುತ್ತದೆ. ಆಂಟಿಮನಿ ಜೊತೆಗಿದ್ದರೆ ಈ ಕೆಲಸ ಇನ್ನೂ ಚುರುಕು. ಬ್ರೋಮಿನ್ ಇನ್ನೂ ಒಳ್ಳೆಯ ಆಳು. ಟಿವಿ ಪೆಟ್ಟಿಗೆ, ಸೋಫಾದ ಸ್ಪಂಜು, ಕಂಪ್ಯೂಟರಿನ ಹಲಗೆಯಲ್ಲೆಲ್ಲ ಅದು ತುಂಬಿಕೊಂಡದ್ದು ಅದಕ್ಕೇ.

ಬೆಂಕಿಯ ಎದುರು ಇದು ನಿಜಕ್ಕೂ ಕೆಲಸ ಮಾಡಿತು; ಜೀವ ಉಳಿಸಿತು. ಅದನ್ನು ಮರೆಮಾಚಿ ಈ ಕುಲವನ್ನು ಬೈಯುವುದು ನ್ಯಾಯವಲ್ಲ. ತೊಡಕಿದ್ದದ್ದು ಬೇರೆ ಕಡೆ. ಬೆಂಕಿಗೆ ಬೇಗ ಬಗ್ಗದ ಅಣು ಬಿಸಿಲಿಗೆ, ಮಳೆಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ, ಕೊನೆಗೆ ನಮ್ಮ ಪಿತ್ತಜನಕಾಂಗಕ್ಕೂ ಬೇಗ ಬಗ್ಗುವುದಿಲ್ಲ. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ ಸಿಂಪಡಿಸಿದ ಎಂಡೋಸಲ್ಫಾನ್ ಗುಡ್ಡದ ಮೇಲೆ ಬಿದ್ದು, ಮಳೆನೀರಿನೊಡನೆ ಇಳಿದು, ಕೆಳಗಿನ ಮನೆಗಳವರು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಕ್ಕೆ ಬಂತು. ಸುರಂಗದ ನೀರನ್ನು ಕುಡಿಯುವ ಊರಲ್ಲಿ ಗುಡ್ಡವೆಂದರೆ ನೀರಿನ ತೊಟ್ಟಿ. ಅದರ ಮೇಲೆ ಏನು ಬೀಳುತ್ತದೋ ಅದು ಕೊಡಪಾನಕ್ಕೆ ಬರುತ್ತದೆ. ಪತ್ರಕರ್ತ ಶ್ರೀ ಪಡ್ರೆ ಬರೆದದ್ದು, ವಾಣಿನಗರದ ವೈದ್ಯ ಮೋಹನ ಕುಮಾರ್ ತಮ್ಮ ರೋಗಿಗಳ ಲೆಕ್ಕವಿಟ್ಟದ್ದು, ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಕೋರ್ಟಿಗೆ ಹೋದದ್ದು ಓದುಗರಿಗೆ ಗೊತ್ತಿರುವ ಕತೆ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಅದರ ಆಚೆಗಿನದು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ, ಬೇಗ ನಾಶವಾಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧಿತರ ಪಟ್ಟಿಗೆ ಸೇರಿಸಿದವು. ಆ ಸಭೆಯ ಹೊತ್ತಿನಲ್ಲಿ ಕೇರಳದ ಆಗಿನ ಮುಖ್ಯಮಂತ್ರಿ ಅಚ್ಯುತಾನಂದನ್ ಇದೇ ನಿಷೇಧಕ್ಕಾಗಿ ತಿರುವನಂತಪುರದಲ್ಲಿ ಉಪವಾಸ ಕೂತಿದ್ದರು. ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ: ಅರ್ಧ ಕೀಟನಾಶಕಗಳಾದರೆ, ಉಳಿದವರ ನಡುವೆ ಅಗ್ನಿನಿರೋಧಕಗಳ ದೊಡ್ಡ ಗುಂಪೇ ಇದೆ. ಬ್ರೋಮಿನ್ ತುಂಬಿದ ಎರಡು ಮಿಶ್ರಣಗಳು 2009ರಲ್ಲಿ, ಥರ್ಮೋಕೋಲಿಗೆ ಹಾಕುತ್ತಿದ್ದ ಎಚ್‌ಬಿಸಿಡಿ 2013ರಲ್ಲಿ, ಡೆಕಾಬಿಡಿಇ 2017ರಲ್ಲಿ, ಡಿಕ್ಲೋರೇನ್ ಪ್ಲಸ್ 2023ರಲ್ಲಿ. ಈ ಕೊನೆಯವನಂತೂ ನಮ್ಮ ಆರು ಕ್ಲೋರಿನ್ ಉಂಗುರ ಎರಡು ಸೇರಿದ್ದು, ಖಾಸಾ ದಾಯಾದಿ. ಮೈರೆಕ್ಸ್ ಎಂಬ ಇನ್ನೊಬ್ಬನಿದ್ದ: ಅಮೆರಿಕದಲ್ಲಿ ಇರುವೆ ಕೊಲ್ಲಲು ಒಂದು ಹೆಸರಲ್ಲಿ, ಪ್ಲಾಸ್ಟಿಕ್ ಕಾಯಲು ಇನ್ನೊಂದು ಹೆಸರಲ್ಲಿ ಮಾರಾಟವಾಗುತ್ತಿದ್ದದ್ದು ಅದೇ ಪುಡಿ. 1973ರಲ್ಲಿ ಮಿಷಿಗನ್ನಿನಲ್ಲಿ ಬ್ರೋಮಿನ್ನಿನ ಅಗ್ನಿನಿರೋಧಕದ ಚೀಲಗಳು ತಪ್ಪಿ ದನಗಳ ಮೇವಿಗೆ ಬೆರೆತು, ಸಾವಿರಾರು ಹಸುಗಳನ್ನು ಕೊಂದು ಹೂಳಬೇಕಾಯಿತು.

ಕ್ಲೋರೆಂಡಿಕ್ ದಾಯಾದಿಯನ್ನು ಈ ಸಾಲಿಗೆ ಅಷ್ಟು ಸಲೀಸಾಗಿ ಸೇರಿಸಲಾಗದು. ಅವನು ರೆಸಿನ್ನಿನ ಸರಪಳಿಯಲ್ಲೇ ಒಂದು ಕೊಂಡಿಯಾಗಿ ಹೆಣೆದುಕೊಳ್ಳುತ್ತಾನೆ, ಸುಮ್ಮನೆ ಬೆರೆಸಿಟ್ಟ ಪುಡಿಯಂತೆ ಧೂಳಾಗಿ ಉದುರುವುದಿಲ್ಲ. ಹೀಗೆ ಕಟ್ಟಿಹಾಕುವುದೇ ಈಗಿನ ವಿನ್ಯಾಸಗಾರರ ಮೊದಲ ಪಾಠ. ಆದರೂ ಬಿಡಿ ಕ್ಲೋರೆಂಡಿಕ್ ಆಮ್ಲವನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1990ರಲ್ಲೇ ವರ್ಗೀಕರಿಸಿದೆ.

ಹಾಗಾದರೆ ಬೇರೆ ಕೋಲು ಯಾವುದು? ದೈವ ಕೆಂಡಕ್ಕೆ ಹಾರುವ ಒತ್ತೆಕೋಲ ನೋಡಿದವರಿಗೆ ಅರ್ಧ ಉತ್ತರ ಗೊತ್ತು. ಮೇಲೇರಿಯ ಕೆಂಡದ ರಾಶಿಗೆ ವಿಷ್ಣುಮೂರ್ತಿ ಹಾರುವಾಗ ಮೈತುಂಬ ತೆಂಗಿನ ಎಳೆಗರಿಯ ಸಿರಿ. ದೈವದ ಕಾರಣಿಕವನ್ನು ರಸಾಯನಶಾಸ್ತ್ರಕ್ಕೆ ಇಳಿಸುವ ಉದ್ಧಟತನ ನನಗಿಲ್ಲ. ಆದರೆ ಸಿರಿ ಮಾಡುವ ಕೆಲಸವನ್ನಷ್ಟು ಹೇಳಬಹುದು: ಹಸಿ ಗರಿಯೊಳಗಿನ ನೀರು ಆವಿಯಾಗಿ ಹೋಗುವ ತನಕ ಗರಿ ಹೊತ್ತಿಕೊಳ್ಳುವುದಿಲ್ಲ. ಬೆಂಕಿ ಮೊದಲು ನೀರಿನ ಸಾಲ ತೀರಿಸಬೇಕು.

ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಬಿಳಿಪುಡಿಯ ಗುಟ್ಟೂ ಅದೇ. ಮುಟ್ಟಿದರೆ ಒಣ ಪುಡಿ. ಆದರೆ ಸುಮಾರು 200 ಡಿಗ್ರಿ ದಾಟಿದೊಡನೆ ಅದರ ತೂಕದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ನೀರಾಗಿ ಹೊರಬರುತ್ತದೆ, ಒಂದು ಕಿಲೋಕ್ಕೆ ಸುಮಾರು 345 ಗ್ರಾಂ. ಆ ಬಿಡುಗಡೆಗೆ ಬೆಂಕಿಯ ಬಿಸಿಯೇ ಖರ್ಚಾಗುತ್ತದೆ. ಆವಿ ಉರಿಯುವ ಅನಿಲವನ್ನು ತೆಳುವಾಗಿಸುತ್ತದೆ, ಉಳಿದ ಆಕ್ಸೈಡ್ ಮೇಲೆ ಹೊದಿಕೆಯಾಗಿ ಕೂರುತ್ತದೆ. ಇನ್ನೂ ಹೆಚ್ಚು ಬಿಸಿಯಲ್ಲಿ ಅಚ್ಚುಹಾಕುವ ಪ್ಲಾಸ್ಟಿಕ್ಕಿಗೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬೇಕು. ಅದು ನೀರು ಬಿಡುವುದು 300 ಡಿಗ್ರಿ ದಾಟಿದ ಮೇಲೆ. ಇವಕ್ಕೆ ಒಂದೇ ದೋಷ, ಹೊಟ್ಟೆಬಾಕತನ. ಬ್ರೋಮಿನ್ ಹತ್ತು-ಹದಿನೈದು ಪಾಲಿನಲ್ಲಿ ಮಾಡುವ ಕೆಲಸಕ್ಕೆ ಈ ಪುಡಿ ನೂರರಲ್ಲಿ ಐವತ್ತು-ಅರವತ್ತು ಪಾಲು ಬೇಕು. ನೀರುದೋಸೆ ಹಿಟ್ಟಿನಂತಿದ್ದ ರೆಸಿನ್ ಕೊಟ್ಟಿಗೆ ಹಿಟ್ಟಿನಂತಾಗುತ್ತದೆ, ಗಾಜಿನ ಚಾಪೆಯೊಳಗೆ ಇಳಿಯುವುದಿಲ್ಲ. ಹಲಗೆ ಭಾರವಾಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ.

ರಂಜಕದ ದಾರಿ ಇನ್ನೊಂದು. ಗೇ-ಲುಸಾಕರ ಅಮೋನಿಯಂ ಫಾಸ್ಫೇಟಿನ ಮೊಮ್ಮಗ ಅಮೋನಿಯಂ ಪಾಲಿಫಾಸ್ಫೇಟ್ ಕಾದಾಗ ಆಮ್ಲವಾಗಿ, ಪ್ಲಾಸ್ಟಿಕ್ಕಿನ ಮೈಯನ್ನು ಇದ್ದಿಲಾಗಿಸುತ್ತದೆ. ಜೊತೆಗೆ ಮೆಲಮೈನ್ ಇದ್ದರೆ ಅದು ಅನಿಲ ಬಿಟ್ಟು ಆ ಇದ್ದಿಲನ್ನು ಪೂರಿಯಂತೆ ಉಬ್ಬಿಸುತ್ತದೆ. ಉಬ್ಬಿದ ಇದ್ದಿಲಿನೊಳಗಿನ ಗಾಳಿಗುಳ್ಳೆಗಳು ಬಿಸಿಯನ್ನು ಒಳಗೆ ಬಿಡುವುದಿಲ್ಲ.

ಅಲ್ಯೂಮಿನಿಯಂ ಹೈಡ್ರಾಕ್ಸೈಡಿನಂಥ ಬಿಳಿಪುಡಿ ಇಲ್ಲದಿದ್ದರೆ ಏನಾಗುತ್ತದೆಂದು 2017ರ ಜೂನ್ 14ರ ನಸುಕಿನಲ್ಲಿ ಲಂಡನ್ ನೋಡಿತು. ಗ್ರೆನ್‌ಫೆಲ್ ಟವರಿನ ಹೊರಮೈಗೆ ಹೊದಿಸಿದ್ದ ಹಲಗೆ, ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಪಾಲಿಥೀನ್. 72 ಮಂದಿ ಸತ್ತರು. ಅದೇ ಜಾತಿಯ ಎಸಿಪಿ ಶೀಟು ಇಂದು ನಮ್ಮ ಪೇಟೆಗಳ ಜವಳಿ ಅಂಗಡಿ, ಬ್ಯಾಂಕುಗಳ ಮುಖದ ಮೇಲೆಲ್ಲ ಹೊಳೆಯುತ್ತಿದೆ. ನಡುವಿನ ಪದರದಲ್ಲಿ ಬರೀ ಪಾಲಿಥೀನ್ ಇದೆಯೋ ಖನಿಜದ ಪುಡಿ ತುಂಬಿದೆಯೋ ಎಂದು ಬಣ್ಣ ಆರಿಸುವ ಹೊತ್ತಲ್ಲಿ ಎಷ್ಟು ಮಂದಿ ಕೇಳಿಯಾರು?

ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಪುಡಿ ಬರುವುದು ಬಾಕ್ಸೈಟಿನಿಂದ. 1888ರಲ್ಲಿ ಕಾರ್ಲ್ ಬಾಯರ್ ಕಂಡುಹಿಡಿದ ಕ್ರಮದಲ್ಲಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ, ತಿಳಿಗೊಳಿಸಿ, ಮತ್ತೆ ಹರಳುಗಟ್ಟಿಸಿದರೆ ಸಿಗುತ್ತದೆ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ಈ ಹೈಡ್ರೇಟ್ ಮಾಡುತ್ತದೆ. ಕುತೂಹಲವೆಂದರೆ ಉಷ್ಣವಲಯದ ಬಾಕ್ಸೈಟಿನ ಮುಖ್ಯ ಖನಿಜವಾದ ಗಿಬ್ಸೈಟ್ ಸಾಕ್ಷಾತ್ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ನಾವು ಮನೆ ಕಟ್ಟುವ ಮುರಕಲ್ಲಿನ ಸಂಬಂಧಿಕ. ಕಾಸರಗೋಡಿನ ಪದವುಗಳಡಿಯಲ್ಲಿ ಭೂವಿಜ್ಞಾನಿಗಳು ಬಾಕ್ಸೈಟ್ ಗುರುತಿಸಿದ್ದಾರೆ. ಅಂದರೆ ಎಂಡೋಸಲ್ಫಾನ್ ಬಿದ್ದ ಈ ಜಿಲ್ಲೆಯ ಮಣ್ಣಿನೊಳಗೇ ಅದರ ದಾಯಾದಿಗೆ ಬದಲಿಯಾಗಬಲ್ಲವನು ಮಲಗಿದ್ದಾನೆ. ಹಾಗೆಂದು ಹಿಗ್ಗುವಂತಿಲ್ಲ. ಕಿನಾನೂರು-ಕರಿಂದಳದ ಕಡಲಾಡಿಪಾರೆಯಲ್ಲಿ ಗಣಿಗಾರಿಕೆಯ ಮಾತು ಬಂದಾಗ ಊರವರು ಎದ್ದು ನಿಂತರು. ಪದವು ಅಗೆದರೆ ಸುರಂಗಕ್ಕೆ ನೀರು ಎಲ್ಲಿಂದ?

ಸಿಂಪಡಣೆ ನಿಂತ ಮೇಲೆ ಉಳಿದ ಎಂಡೋಸಲ್ಫಾನ್ ಪೆರಿಯ, ರಾಜಪುರ, ಚೀಮೇನಿಗಳ ಗೋದಾಮುಗಳಲ್ಲಿ ಬಿದ್ದಿತ್ತು. ಡಬ್ಬಗಳು ತುಕ್ಕು ಹಿಡಿದು ಸೋರತೊಡಗಿದಾಗ, 2012ರಲ್ಲಿ ಹೊಸ ಬ್ಯಾರೆಲ್ಲುಗಳಿಗೆ ತುಂಬಿಸಿಟ್ಟರು. ಮಿಂಚಿಪದವಿನ ಪಾಳುಬಾವಿಯಲ್ಲಿ ಹೂತಿದ್ದಾರೆಂಬ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಸುಟ್ಟುಬಿಡಬಾರದೇ ಎಂದು ಕೇಳುವವರುಂಟು. ಅದನ್ನು ಕರಗಿಸಿದ ದ್ರಾವಕ ಬೇಕಾದರೆ ಭಗ್ಗನೆ ಉರಿದೀತು. ಆರು ಕ್ಲೋರಿನ್ ಉಂಗುರ ಹಾಗಲ್ಲ. ಅರೆಬರೆ ಬೆಂಕಿಯಲ್ಲಿ ಅದು ಡಯಾಕ್ಸಿನ್‌ನಂಥ ಇನ್ನೂ ಕೆಟ್ಟ ವಿಷಗಳಾಗಬಹುದು. ಪೂರ್ತಿ ಒಡೆಯಬೇಕಾದರೆ 1100 ಡಿಗ್ರಿಗೂ ಮೇಲಿನ ಕುಲುಮೆ ಬೇಕು, ಅದರೊಳಗೆ ಕನಿಷ್ಠ ಎರಡು ಸೆಕೆಂಡು ನಿಲ್ಲಿಸಬೇಕು. ಅಂಥ ಕುಲುಮೆ ಜಿಲ್ಲೆಯಲ್ಲಿ ಇರಲಿಲ್ಲ. ಬ್ಯಾರೆಲ್ಲುಗಳು ಗೋದಾಮಿನಲ್ಲೇ ವರ್ಷಗಟ್ಟಲೆ ಕಾದವು.