ವಾಯುಗುಣದ ಗಣಿತಮಾದರಿಗಳಲ್ಲಿ ಮೇಘಗಳ ಸ್ಥಾನ

ವಾಯುವಿನ ಚಲನೆ, ಶಾಖ, ಆರ್ದ್ರತೆ ಇವುಗಳ ನಿಯಮಗಳನ್ನು ಸಮೀಕರಣಗಳಾಗಿ ಬರೆದು, ಭೂಮಿಯ ಮುಂದಣ ವಾಯುಗುಣವನ್ನು ಗಣಕಯಂತ್ರಗಳಿಂದ ಎಣಿಸುವ ಕ್ರಮವುಂಟು. ಈ ಗಣಿತಮಾದರಿಗಳಿಗೆ ಅತ್ಯಂತ ತೊಡಕಾದ ವಸ್ತು ಮೇಘ. ಏತಕ್ಕೆಂಬುದನ್ನು ಇಲ್ಲಿ ವಿಚಾರಿಸೋಣ.

ಮೇಘವು ಸೂರ್ಯಪ್ರಕಾಶವನ್ನು ಹಿಂದಕ್ಕೆ ಹೊಳೆಯಿಸಿ ಭೂಮಿಯನ್ನು ತಂಪುಗೊಳಿಸುತ್ತದೆ. ನೆಲದಿಂದ ಏಳುವ ಶಾಖವನ್ನು ತಡೆದು ಬೆಚ್ಚಗೂ ಮಾಡುತ್ತದೆ. ೨೦೦೦ನೆಯ ಇಸವಿಯಿಂದ ಉಪಗ್ರಹಗಳ ಮೇಲಿನ ‘ಸೀರೀಸ್’ ಉಪಕರಣಗಳು ಅಳೆದಂತೆ, ಮೊದಲನೆಯದರಿಂದ ಚದರ ಮೀಟರಿಗೆ ಸುಮಾರು ೪೫ ವಾಟ್ ನಷ್ಟ. ಎರಡನೆಯದರಿಂದ ೨೫ಕ್ಕಿಂತ ತುಸು ಹೆಚ್ಚು ಲಾಭ. ಒಟ್ಟಿನಲ್ಲಿ ಮೇಘವು ತಂಪುಗೊಳಿಸುವುದೇ ಹೆಚ್ಚು. ಇಂಗಾಲಾಮ್ಲವಾಯುವು ಇಮ್ಮಡಿಯಾದರೆ ಒದಗುವ ಹೆಚ್ಚುವರಿ ಶಾಖವಾದರೋ ಸುಮಾರು ೪ ವಾಟ್ ಮಾತ್ರ. ಆದುದರಿಂದ ಮೇಘದ ಎಣಿಕೆಯಲ್ಲಿ ಅಲ್ಪ ದೋಷವೂ ಅಲ್ಪವಲ್ಲ.

ಮಾದರಿಯು ಭೂತಲವನ್ನು ಸುಮಾರು ನೂರು ಕಿಲೋಮೀಟರ್ ಅಗಲದ ಚೌಕಗಳಾಗಿ ವಿಭಾಗಿಸುತ್ತದೆ. ಅನೇಕ ಮೇಘಗಳು ಇದಕ್ಕಿಂತ ಬಹಳ ಚಿಕ್ಕವು. ಅವನ್ನು ಪ್ರತ್ಯೇಕವಾಗಿ ಎಣಿಸಲಾಗದೆ, ಚೌಕದ ಆರ್ದ್ರತೆ ಮೊದಲಾದವುಗಳಿಂದ ಊಹಿಸಬೇಕಾಗುತ್ತದೆ. ಹೀಗೆ ಊಹಿಸಿದಾಗ ಅನೇಕ ಮಾದರಿಗಳಲ್ಲಿ ಉಷ್ಣವಲಯದ ಕೆಳಮೇಘಗಳು ನಿಜಕ್ಕಿಂತ ವಿರಳವಾಗಿಯೂ, ಆದರೆ ನಿಜಕ್ಕಿಂತ ಹೆಚ್ಚು ಬೆಳ್ಳಗಾಗಿಯೂ ಕಂಡುಬಂದವು. ಎರಡು ತಪ್ಪುಗಳು ಒಂದನ್ನೊಂದು ಅಳಿಸಿ ಮೊತ್ತ ಸರಿಹೋಯಿತು. ಮೊತ್ತ ಸರಿಯಿದ್ದ ಮಾತ್ರಕ್ಕೆ ಲೆಕ್ಕ ಸರಿಯೆನ್ನಲಾಗದು.

ದಕ್ಷಿಣ ಧ್ರುವವನ್ನು ಸುತ್ತುವರಿದ ಸಾಗರದಲ್ಲಿ ದೋಷವು ಮರೆಯಾಗಲಿಲ್ಲ. ಅಲ್ಲಿ ಮಾದರಿಗಳ ಸಮುದ್ರವು ನಿಜಕ್ಕಿಂತ ಅಧಿಕ ಬಿಸಿಲನ್ನು ಹೀರುತ್ತಿತ್ತು. ಮೇಘದ ನೀರು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೂ ಹೆಪ್ಪುಗಟ್ಟದೆ ದ್ರವವಾಗಿ ಉಳಿಯಬಲ್ಲುದು. ಮಾದರಿಗಳಾದರೋ ಅದನ್ನು ಬೇಗನೆ ಹಿಮವಾಗಿಸುತ್ತಿದ್ದವು. ಹಿಮಕಣಗಳು ದೊಡ್ಡವು, ಸಂಖ್ಯೆಯಲ್ಲಿ ಕಡಮೆ. ಬೆಳಕನ್ನು ಕಡಮೆ ಹೊಳೆಯಿಸಿ ಬೇಗ ಉದುರುತ್ತವೆ. ೨೦೧೮ರಲ್ಲಿ ಹೋಬಾರ್ಟಿನಿಂದ ಹೊರಟ ಸಂಶೋಧನಾ ವಿಮಾನವು ಆ ಮೇಘಗಳೊಳಗೆ ಹಾದು ಇಂತಹ ಅತಿಶೀತಲ ಜಲಬಿಂದುಗಳನ್ನು ಹೇರಳವಾಗಿ ಕಂಡಿತು.

ಕೆಲವು ಮಾದರಿಗಳಲ್ಲಿ ಇದನ್ನು ತಿದ್ದಲಾಗಿ, ಬೇರೊಂದು ಫಲ ತೋರಿತು. ಹಿಮಮೇಘವು ಬಿಸಿಯೇರಿದಂತೆ ಜಲಮೇಘವಾಗಿ ಇನ್ನಷ್ಟು ಬೆಳ್ಳಗಾಗುತ್ತದೆ. ಇದು ತಾಪಕ್ಕೊಂದು ತಡೆ. ಮೊದಲೇ ಜಲಮೇಘವಾಗಿದ್ದರೆ ಆ ತಡೆ ಕುಗ್ಗುತ್ತದೆ. ಹಾಗಾಗಿ ಇಂಗಾಲಾಮ್ಲವಾಯು ಇಮ್ಮಡಿಸಿದಾಗಿನ ತಾಪವೃದ್ಧಿಯು ಹೊಸ ಮಾದರಿಗಳ ಪೈಕಿ ಕೆಲವದರಲ್ಲಿ ೫ ಡಿಗ್ರಿಯನ್ನೂ ಮೀರಿತು. ೧೯೭೯ರ ಚಾರ್ನೀ ವರದಿಯು ಈ ವೃದ್ಧಿಯನ್ನು ೧.೫ರಿಂದ ೪.೫ ಡಿಗ್ರಿಯೆಂದಿದ್ದಿತು, ಮಾದರಿಗಳನ್ನಷ್ಟೇ ನಂಬದೆ, ಅಳತೆಗಳನ್ನೂ ಪ್ರಾಚೀನ ವಾಯುಗುಣದ ಸಾಕ್ಷ್ಯವನ್ನೂ ಕೂಡಿಸಿ, ೨೦೨೧ರಲ್ಲಿ ಅಂತರಸರ್ಕಾರೀ ಮಂಡಲಿಯು ಬಹುಶಃ ೨.೫ರಿಂದ ೪ ಎಂದು ನಿರ್ಣಯಿಸಿತು.

ಮಾದರಿಯನ್ನು ಅದರ ಮೊತ್ತದಿಂದಲ್ಲ, ಭಾಗಭಾಗವಾಗಿ ಒರೆಹಚ್ಚಬೇಕೆಂಬುದೇ ಇದರ ತಾತ್ಪರ್ಯ. ಒಂದು ತಪ್ಪು ಹೊರಬಿದ್ದಿತೆಂದು ಲೆಕ್ಕವನ್ನೇ ತೊರೆಯುವುದು ಉಚಿತವಲ್ಲ. ತಪ್ಪಿನ ಸ್ಥಾನವನ್ನು ತೋರಿಸುವ ಅಳತೆಯೇ ಮುಂದಿನ ಲೆಕ್ಕಕ್ಕೆ ಆಧಾರ.