ಗದ್ದಲದ ನಡುವೆ ನಿಶ್ಶಬ್ದದ ಕೋಣೆ

ವ್ಯಾಪಾರ ಪ್ರದರ್ಶನದ ವಿಶಾಲ ಮಂಟಪದಲ್ಲಿ ನಾವು ಬೇಗನೆ ಬಳಲುವುದಕ್ಕೆ ನಡಿಗೆಯೊಂದೇ ಕಾರಣವಲ್ಲ; ಗದ್ದಲವೂ ಕಾರಣ. ಕಾಂಕ್ರೀಟಿನ ನೆಲ, ತಗಡಿನ ಛಾವಣಿಗಳು ಶಬ್ದವನ್ನು ಮರಳಿ ಮರಳಿ ಪ್ರತಿಫಲಿಸುತ್ತವೆ. ಗದ್ದಲವೇರಿದಂತೆ ಜನರು ತಮಗರಿಯದೆಯೇ ದನಿಯೇರಿಸುತ್ತಾರೆ. ಫ್ರೆಂಚ್ ವೈದ್ಯ ಲೊಂಬಾರ್ 1911ರಲ್ಲಿ ಇದನ್ನು ತಿಳಿಯಪಡಿಸಿದನು. ಹೀಗೆ ಗದ್ದಲವೇ ಗದ್ದಲವನ್ನು ಬೆಳೆಸುತ್ತದೆ.

ಇಂತಹ ಎಡೆಯಲ್ಲಿ ವಿಶ್ರಾಂತಿಯ ಕೋಣೆಯೊಂದನ್ನು ರಚಿಸಲು ದಪ್ಪ ಪರದೆಗಳನ್ನು ಇಳಿಬಿಟ್ಟರೆ ಸಾಲದೆ? ಸಾಲದು. ಶಬ್ದವನ್ನು ಹೀರುವುದು ಬೇರೆ, ತಡೆಯುವುದು ಬೇರೆ.

ಮಾತು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಮೊಳಗಿಗೆ ಅನುರಣನವೆಂದು ಹೆಸರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಪನ್ಯಾಸ ಮಂದಿರವೊಂದರಲ್ಲಿ ಇದನ್ನು ಕುಗ್ಗಿಸುವ ಕಾರ್ಯವನ್ನು 1895ರಲ್ಲಿ ಕೈಗೊಂಡ ಸೇಬಿನ್, ಆಸನದ ಮೆತ್ತೆಗಳನ್ನು ತಂದಿರಿಸಿ ಅಳೆದನು. ಮೆತ್ತೆಗಳು ಹೆಚ್ಚಿದಂತೆ ಅನುರಣನದ ಕಾಲ ಇಳಿಯಿತು. ಮೆತ್ತನೆಯ ವಸ್ತುಗಳ ಕೆಲಸ ಇಷ್ಟೇ: ಒಳಗಿನ ಶಬ್ದವನ್ನು ಹೀರುವುದು.

ಹೊರಗಿನ ಶಬ್ದವನ್ನು ತಡೆಯಲು ಭಾರವಾದ ಗೋಡೆ ಬೇಕು. ಗೋಡೆಯ ತೂಕವನ್ನು ಇಮ್ಮಡಿಸಿದರೆ, ಅದನ್ನು ದಾಟುವ ಶಬ್ದ ಸುಮಾರು 6 ಡೆಸಿಬೆಲ್‌ಗಳಷ್ಟು ತಗ್ಗುತ್ತದೆ. ಆದರೆ ಮೇಲೆ ಮುಚ್ಚಿಗೆಯಿಲ್ಲದಿದ್ದರೆ, ಬಾಗಿಲಿನಡಿ ಸಂದಿಯಿದ್ದರೆ, ಆ ಭಾರವೆಲ್ಲ ಬಹುಮಟ್ಟಿಗೆ ವ್ಯರ್ಥ.

ಗದ್ದಲವನ್ನು ಸಹಿಸಲಾರದವರಿಗೆ ಇಂತಹ ಕೋಣೆ ಕೇವಲ ಸೌಖ್ಯದ ಏರ್ಪಾಡಲ್ಲ. ಅವರು ಪ್ರದರ್ಶನಕ್ಕೆ ಬರಬಲ್ಲರೋ ಇಲ್ಲವೋ ಎಂಬುದನ್ನು ನಿರ್ಧರಿಸುವುದೇ ಅದು.